ಮೂರು ಗಂಟೆಗೆ ಮೊದಲೇ ಮುಗಿಯುತ್ತಿದ್ದ ಡೇಟಾ ಹಿಡಿದುಕೊಂಡು ಕೆಂಗೇರಿಗೆ

ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ಲಗ್ಗೆರೆಯ ಮನೆ ಬಿಟ್ಟೆ. ಚಳಿಯಿತ್ತು. ಸ್ವೆಟರಿನ ಮೇಲೆ ಸೆರಗು ಹೊದ್ದುಕೊಂಡಿದ್ದೆ. ಚೀಲದಲ್ಲಿ ಆಧಾರ್ ಕಾರ್ಡು, ಫೋನು, ಚಾರ್ಜರು, ಸೊಸೆ ಸುಜಾತ ಕಟ್ಟಿಕೊಟ್ಟ ಅವರೆಕಾಳಿನ ಅಕ್ಕಿರೊಟ್ಟಿ. ಹೋಗಬೇಕಾದದ್ದು ಕೆಂಗೇರಿಗೆ, ನನ್ನ ತಂಗಿ ಪುಟ್ಟಮ್ಮನ ಮನೆಗೆ. ಒಂದು ಬಸ್ಸು, ಒಂದು ಮೆಟ್ರೋ, ಎರಡು ಗಂಟೆಯೊಳಗೆ ಮುಗಿಯುವ ಪ್ರಯಾಣ. ಆದರೂ ಆರು ತಿಂಗಳಿಂದ ಹೋಗಿರಲಿಲ್ಲ. ಫೋನಿನಲ್ಲೇ ದಿನಾ ನೋಡುತ್ತೇವಲ್ಲ, ಹೋಗುವುದೇಕೆ ಎಂದುಕೊಂಡಿದ್ದೆ.

ಪುಟ್ಟಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ. ಅವಳನ್ನು ಶಾಲೆಗೆ ಕಳಿಸಲಿಲ್ಲ, ನನ್ನನ್ನು ಮೂರನೇ ಕ್ಲಾಸಿಗೆ ಬಿಡಿಸಿದರು. ಮನೆಯಲ್ಲಿ ಕೂತು ನಾವಿಬ್ಬರೂ ಕಟ್ಟಿಕೊಂಡ ಕೈಸನ್ನೆಯೇ ಅವಳ ಭಾಷೆ. ಅವಳ ಮಗಳು ಲತಾಗೂ ಅದು ಪೂರ್ತಿ ಬರುವುದಿಲ್ಲ. ಊಟ, ನಿದ್ದೆ, ಔಷಧಿ, ಅಷ್ಟೇ. ಹಾಗಾಗಿ ದಿನಾ ಮಧ್ಯಾಹ್ನ ಮೂರಕ್ಕೆ ವಿಡಿಯೋ ಕಾಲ್ ಮಾಡಿ ಕೈಯಲ್ಲಿ ಮಾತಾಡುತ್ತೇವೆ. ನನ್ನ ಸಿಮ್ಮಿಗೆ ದಿನಕ್ಕೆ ಒಂದೂವರೆ ಜಿಬಿ ಡೇಟಾ. ಯಾವತ್ತೂ ಸಾಲದೆ ಬಂದಿರಲಿಲ್ಲ. ಎರಡು ವಾರದಿಂದ ಮಾತ್ರ, ಎಷ್ಟೋ ದಿನ ಮೂರು ಗಂಟೆಯಾಗುವ ಮೊದಲೇ "ಇವತ್ತಿನ ಡೇಟಾ ಮುಗಿಯಿತು" ಎಂದು ಮೆಸೇಜು ಬರತೊಡಗಿತು.

ಅವಳ ಎರಡು ಕಣ್ಣಿಗೂ ಪೊರೆ ಬಂದಿದೆ. ಬಲಗಣ್ಣಿಗೆ ಗುರುವಾರ ಆಪರೇಷನ್ ಎಂದು ನಿಗದಿಯಾಗಿತ್ತು. ಶನಿವಾರ ಕಾಲ್ ಮಾಡಿದಾಗ ಅವಳು ಕಣ್ಣು ತೋರಿಸಿ ಏನೋ ಕೇಳಲು ಕೈ ಎತ್ತಿದಳು. ಅಷ್ಟರಲ್ಲಿ ಡೇಟಾ ಮುಗಿದು ಚಿತ್ರ ಅಲ್ಲಿಗೇ ನಿಂತುಹೋಯಿತು. ಭಾನುವಾರ, ಸೋಮವಾರ ಕಾಲ್ ಹತ್ತಲೇ ಇಲ್ಲ. ಸೋಮವಾರ ಸಂಜೆ ಲತಾ ಮಾಮೂಲಿ ಫೋನು ಮಾಡಿದಳು.

"ದೊಡ್ಡಮ್ಮಾ, ಅಮ್ಮ ಆಪರೇಷನ್ ಬೇಡ ಅಂತ ಕೂತಿದಾರೆ. ನಿಮ್ಮನ್ನ ಏನೋ ಕೇಳಿದ್ರಂತೆ, ನೀವು ಹೇಳ್ದೆ ಹೋದ್ರಂತೆ. ಅಕ್ಕಂಗೆ ಇಷ್ಟ ಇಲ್ಲ ಅಂತಾರೆ."

"ಮಾಡಿಸ್ಕೊಳ್ಳೋಕೆ ಹೇಳಿದೀನಿ ಅಂತ ಹೇಳೇ."

"ಹೇಳ್ದೆ. ನನ್ನ ಕೈನ ನಂಬಲ್ಲ ಅವರು."

ಕಿವಿಯಿಲ್ಲದವಳಿಗೆ ಕಣ್ಣೂ ಹೋದರೆ ಏನು ಉಳಿಯುತ್ತದೆ? ಬೆಳಿಗ್ಗೆಯೇ ಹೊರಟೆ.

ಡೇಟಾ ಎಳೆದುಕೊಳ್ಳುತ್ತಿರುವವಳು ಸುಜಾತ ಎಂದು ನನಗೆ ಖಾತ್ರಿಯಾಗಿತ್ತು. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ಮಿಷನ್ನಿನ ಮುಂದೆ ಫೋನು ನಿಲ್ಲಿಸಿಕೊಂಡು ಧಾರಾವಾಹಿ ನೋಡುತ್ತಾಳೆ. ಒಂದು ದಿನ "ಅತ್ತೆ, ನಿಮ್ಮ ಹಾಟ್‌ಸ್ಪಾಟ್ ಸ್ವಲ್ಪ ಕೊಡ್ತೀರಾ" ಎಂದು ಕೇಳಿದ್ದಳು, ನಾನು ಕೊಟ್ಟಿರಲಿಲ್ಲ. ಕೇಳದೆ ತೆಗೆದುಕೊಂಡಿರಬೇಕು ಎಂದು ಭಾನುವಾರ ಊಟಕ್ಕೆ ಕೂತಾಗ ಮಗನ ಮುಂದೆಯೇ ಅಂದುಬಿಟ್ಟೆ. "ಇಲ್ಲ ಅತ್ತೆ" ಅಂದಳು, ತಟ್ಟೆ ತೆಗೆದುಕೊಂಡು ಎದ್ದುಹೋದಳು. ಆಮೇಲೆ ಮಾತಿಲ್ಲ. ರೊಟ್ಟಿ ಮಾತ್ರ ಕಟ್ಟಿದ್ದಳು.

ಬಸ್ಸಿನಲ್ಲಿ ಕಂಡಕ್ಟರಿಗೆ ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದೆ. ಕುರುಬರಹಳ್ಳಿ ದಾಟುವವರೆಗೆ ನಿಂತೇ ಇದ್ದೆ. ಬಸವೇಶ್ವರನಗರದಲ್ಲಿ ಸೀಟು ಸಿಕ್ಕಿತು. ಪಕ್ಕದ ಗಂಡಸು ಜೋರಾಗಿ ಸೌಂಡಿಟ್ಟು ಒಂದಾದ ಮೇಲೊಂದು ವಿಡಿಯೋ ತಳ್ಳುತ್ತಿದ್ದ.

"ನಿಮ್ಮ ಡೇಟಾ ಮುಗಿಯಲ್ವಾ?" ಎಂದು ಕೇಳಿದೆ.

"ಮುಗಿಯುತ್ತೆ ಅಮ್ಮಾ. ಮುಗಿದ್ರೆ ಇನ್ನೊಂದು ಸಿಮ್ ಇದೆ."

"ಅದೂ ಮುಗಿದ್ರೆ?"

"ಕೆಲಸ ಮಾಡ್ತೀನಿ" ಎಂದು ನಕ್ಕ.

ವಿಜಯನಗರದಲ್ಲಿ ಇಳಿದೆ. ಮೆಟ್ರೋ ಅಲ್ಲೇ ಹತ್ತಬಹುದಿತ್ತು. ಆದರೆ ಫೋನು ಕೊಂಡ ಅಂಗಡಿ ಅತ್ತಿಗುಪ್ಪೆಯ ಸ್ಟೇಷನ್ ಹತ್ತಿರವಿದೆ. ಜಗಳವಾಡುವುದಿತ್ತು, ನಡೆದೇ ಹೋದೆ. ಇಪ್ಪತ್ತು ನಿಮಿಷ ಹಿಡಿಯಿತು.

ಅಂಗಡಿಯಲ್ಲಿ ಶಿವಲೀಲಾ ಆಗ ತಾನೆ ಊದುಬತ್ತಿ ಹಚ್ಚುತ್ತಿದ್ದಳು. ಗದಗದ ಕಡೆಯವಳು, ನಲವತ್ತರ ಹೆಂಗಸು. ಗಂಡ ಊಟ ತಲುಪಿಸುವ ಕೆಲಸಕ್ಕೆ ಬೈಕಿನಲ್ಲಿ ಹೋಗುತ್ತಾನೆ, ಅಂಗಡಿ ಇವಳದು.

"ನೀನು ಕೊಟ್ಟ ಫೋನು ಸೋರುತ್ತೆ ಕಣಮ್ಮ" ಎಂದು ಶುರು ಮಾಡಿದೆ. "ಬೆಳಿಗ್ಗೆ ಇರೋ ಡೇಟಾ ಮಧ್ಯಾಹ್ನಕ್ಕೆ ಖಾಲಿ."

"ಫೋನು ಸೋರಂಗಿಲ್ರಿ ಅಮ್ಮಾರ. ಯಾರರ ಕುಡಿಯಾಕತ್ತಿರ್ತಾರ."

"ಕುಡಿಯೋದು ನನ್ನ ಸೊಸೆ. ಅದನ್ನೇ ಹಿಡಿದುಕೊಡು."

"ಕೊಡ್ರಿ ಇಲ್ಲೆ. ಯಾವುದು ಎಷ್ಟು ತಿಂದೈತಿ ಅಂತ ಫೋನು ತಾನ ಬರದು ಇಟ್ಟಿರತದ."

ಸೆಟ್ಟಿಂಗ್ಸ್ ಒಳಗೆ ಹೋಗಿ, ನೆಟ್‌ವರ್ಕ್ ಎಂದಿರುವುದನ್ನು ಒತ್ತಿ, ಡೇಟಾ ಬಳಕೆ ಎಂಬಲ್ಲಿ ನಿಲ್ಲಿಸಿದಳು. ಒಂದು ಪಟ್ಟಿ ಬಂತು. ಹೆಚ್ಚು ತಿಂದದ್ದು ಮೇಲೆ, ಕಡಿಮೆ ತಿಂದದ್ದು ಕೆಳಗೆ. ಇಷ್ಟು ದಿನ ನನ್ನ ಕೈಯಲ್ಲೇ ಇದ್ದ ಪಟ್ಟಿ, ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಮೊದಲ ಸಾಲಿನಲ್ಲಿ ವಿಡಿಯೋ ನೋಡುವ ಆಪ್ ಇತ್ತು. ಮಿಕ್ಕವೆಲ್ಲ ಸೇರಿದರೂ ಅದರಷ್ಟಾಗುತ್ತಿರಲಿಲ್ಲ.

"ನಾನು ವಿಡಿಯೋ ನೋಡೋದೇ ಇಲ್ವಲ್ಲೇ."

"ನೋಡದ ಇಷ್ಟು ತಿನ್ನಂಗಿಲ್ರಿ."

"ಎರಡು ವಾರದ ಹಿಂದೆ ರೇಡಿಯೋ ಕೆಟ್ಟೋಯ್ತು. ಅದಕ್ಕೆ ಬೆಳಿಗ್ಗೆ ಐದೂವರೆಗೆ ಫೋನಲ್ಲಿ ಪ್ರವಚನ ಹಾಕಿ ಅಕ್ಕಿ ಡಬ್ಬದ ಮೇಲೆ ಬೋರಲು ಇಡ್ತೀನಿ. ಬರೀ ಕೇಳೋದು. ಚಿತ್ರ ನೋಡಿದ್ರೆ ತಾನೆ ಖರ್ಚು?"

ಶಿವಲೀಲಾ ಗಲ್ಲಾಪೆಟ್ಟಿಗೆಯ ಮೇಲೆ ಕೈ ಬಡಿದು ನಕ್ಕಳು. "ಅಮ್ಮಾರ, ನೀವು ನೋಡಾಕತ್ತೀರೋ ಇಲ್ಲೋ ಫೋನಿಗೆ ಹೆಂಗ ಗೊತ್ತಾಗಬೇಕ್ರಿ? ಬೋರಲ ಇಟ್ರೂ ಚಿತ್ರ ಬಂದ ಬರತದ. ಅದೂ ಎಲ್ಲಕ್ಕಿಂತ ದೊಡ್ಡ ಚಿತ್ರಕ್ಕ ಇಟ್ಟೀರಿ."

ನನಗೆ ನಗು ಬರಲಿಲ್ಲ. ನಮ್ಮ ಬೀದಿಯಲ್ಲಿ ಐದಾರು ಹೆಂಗಸರು ಹೀಗೇ ಬೋರಲು ಇಡುತ್ತಾರೆ, ನನಗೆ ಕಲಿಸಿದ್ದೂ ಅವರೇ. ಒಂದು ಪ್ರವಚನ ಮುಗಿದರೆ ಇನ್ನೊಂದು ತಾನಾಗಿ ಶುರುವಾಗುತ್ತದೆ. ನಾನು ಬಟ್ಟೆ ಒಗೆಯಲು ಮಹಡಿಗೆ ಹೋದರೂ ಕೆಳಗೆ ಅಕ್ಕಿ ಡಬ್ಬಕ್ಕೆ ಪ್ರವಚನ ನಡೆಯುತ್ತಲೇ ಇರುತ್ತಿತ್ತು, ಹನ್ನೊಂದು ಗಂಟೆಯವರೆಗೆ.

ಎರಡನೇ ಸಾಲು ಮೆಸೇಜಿನ ಆಪ್. "ಇದು ನನ್ನ ತಂಗಿ ಜೊತೆ ಮಾತಾಡಿದ್ದು" ಅಂದೆ. ಶಿವಲೀಲಾ ಅದರೊಳಗೂ ಹೋಗಿ ತೋರಿಸಿದಳು. ಫೋಟೋ, ವಿಡಿಯೋ ಬಂದಿಳಿದದ್ದೇ ಬಹಳ. ಕಾಲ್ ಮಾಡಿದ್ದು ಅದರಲ್ಲಿ ಒಂದು ಚೂರು. ಭಜನೆ ಗುಂಪಿನವರು ಬೆಳಗಾದರೆ ಹೂವು, ದೀಪ, ಕುಣಿಯುವ ಗಿಳಿ ಕಳಿಸುತ್ತಾರೆ. ನಾನು ತೆರೆಯದಿದ್ದರೂ ಅವು ತಾವಾಗಿ ಇಳಿದು ಕೂತಿದ್ದವು. ಮೂರನೆಯದು ನನ್ನ ಫೋಟೋಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಇನ್ನೊಂದು ಕಡೆ ನಕಲು ಮಾಡಿಡುವುದಂತೆ. ಗಿಳಿಗಳೂ ಅಲ್ಲಿಗೆ ಹೋಗುತ್ತಿದ್ದವು. ಇಳಿಯಲು ಒಂದು ಸಲ, ಏರಲು ಒಂದು ಸಲ ಖರ್ಚು.

ಡೇಟಾ ಉಳಿಸಬೇಕೆಂದು ಈ ಎರಡು ವಾರ ನಾನು ಕಡಿಮೆ ಮಾಡಿದ್ದು ಒಂದನ್ನೇ: ಪುಟ್ಟಮ್ಮನ ಜೊತೆಗಿನ ಮಾತನ್ನು. ಅರ್ಧ ಗಂಟೆ ಇದ್ದದ್ದನ್ನು ಹತ್ತು ನಿಮಿಷಕ್ಕೆ ಇಳಿಸಿದ್ದೆ.

"ಹಾಟ್‌ಸ್ಪಾಟ್ ಎಲ್ಲಿದೆ?" ಎಂದು ಕೇಳಿದೆ.

ಶಿವಲೀಲಾ ಕೆಳಗೆ ತಳ್ಳಿ ತಳ್ಳಿ ತೋರಿಸಿದಳು. ಅದರ ಮುಂದೆ ಸೊನ್ನೆ ಇತ್ತು. "ನಿಮ್ಮ ಸೊಸಿ ಒಂದು ಹನಿನೂ ಕುಡದಿಲ್ರಿ."

ಎಲ್ಲವನ್ನೂ ಅವಳೇ ಮಾಡಿಕೊಡಲು ಹೊರಟಳು. ಬೇಡ, ನನ್ನ ಬೆರಳಲ್ಲೇ ಮಾಡಿಸು ಅಂದೆ. ಗುಂಪಿನ ಫೋಟೋ ತಾನಾಗಿ ಇಳಿಯದ ಹಾಗೆ, ಒಂದು ಪ್ರವಚನ ಮುಗಿದರೆ ಅಲ್ಲಿಗೇ ನಿಲ್ಲುವ ಹಾಗೆ, ಚಿತ್ರ ಸಣ್ಣದಾಗಿ ಬರುವ ಹಾಗೆ, ನಕಲು ನಿಲ್ಲುವ ಹಾಗೆ, ಒಂದೊಂದಾಗಿ ಒತ್ತಿದೆ. "ಮೊಮ್ಮಗಳ ಫೋಟೋ ಹೋಗ್ತವಾ?" ಎಂದು ಕೇಳಿದೆ. "ಫೋನ್‌ನಾಗ ಇರ್ತಾವ್ರಿ, ಫೋನ್ ಕಳಕೋಬ್ಯಾಡ್ರಿ ಅಷ್ಟ" ಅಂದಳು. ಬರೀ ಧ್ವನಿ ಬರುವ ಒಂದು ಆಪ್ ಕೂಡ ಹಾಕಿದಳು, ಪ್ರವಚನಕ್ಕೆ. ಐವತ್ತು ರೂಪಾಯಿ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಒಂದು ರೊಟ್ಟಿ ಕೊಟ್ಟೆ, ತೆಗೆದುಕೊಂಡಳು.

ಅತ್ತಿಗುಪ್ಪೆಯಿಂದ ಕೆಂಗೇರಿಗೆ ಟೋಕನ್ನಿಗೆ ಐವತ್ತು ರೂಪಾಯಿ. ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ಸುಜಾತಳಿಗೆ ಫೋನು ಮಾಡಿದೆ. ಹಿಂದೆ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು.

"ಡೇಟಾ ತಿಂದಿದ್ದು ನಾನೇ ಕಣೇ."

"ಏನತ್ತೆ?"

"ನೀನಲ್ಲ, ನಾನು. ಬೋರಲು ಇಟ್ಟಿದ್ನಲ್ಲ, ಅದು. ನಾನು ಅಂದಿದ್ದು ತಪ್ಪು. ಅವನ ಮುಂದೆ ಅಂದಿದ್ದೆ, ಸಂಜೆ ಅವನ ಮುಂದೇನೇ ಹೇಳ್ತೀನಿ."

ಮಿಷನ್ ನಿಂತಿತು. ಆಮೇಲೆ, "ರೊಟ್ಟಿ ತಿಂದ್ರಾ?" ಅಂದಳು.

"ಒಂದನ್ನ ಅಂಗಡಿಯವಳಿಗೆ ಕೊಟ್ಟೆ."

"ಅಯ್ಯೋ, ಮೊದ್ಲು ನೀವು ತಿನ್ನಿ ಅತ್ತೆ. ಮಾತ್ರೆ ತಗೋಬೇಕು." ಅಷ್ಟು ಹೇಳಿ ಇಟ್ಟಳು. ನನಗೆ ಅಷ್ಟು ಸಾಕಾಯಿತು.

ಮೆಟ್ರೋದಲ್ಲಿ ಕಿಟಕಿಯ ಪಕ್ಕ ನಿಂತಿದ್ದೆ. ಮೈಸೂರು ರಸ್ತೆಯ ಲಾರಿ, ಬಸ್ಸು ಕೆಳಗೆ ಸಿಕ್ಕಿಹಾಕಿಕೊಂಡು ನಿಂತಿದ್ದವು. ನಾಯಂಡಹಳ್ಳಿ ದಾಟಿದ ಮೇಲೆ ವೃಷಭಾವತಿ ಹೊಳೆ ಕಪ್ಪಗೆ ಕಂಡಿತು. ಬಾಗಿಲು ಮುಚ್ಚಿದ್ದರಿಂದ ವಾಸನೆ ತಿಳಿಯಲಿಲ್ಲ. ಡಬ್ಬಿಯಲ್ಲಿದ್ದವರೆಲ್ಲ ಕತ್ತು ಬಗ್ಗಿಸಿಕೊಂಡು ಫೋನು ನೋಡುತ್ತಿದ್ದರು. ಇಪ್ಪತ್ತು ನಿಮಿಷಕ್ಕೆಲ್ಲ ಕೆಂಗೇರಿ ಬಂತು. ಅಲ್ಲಿಂದ ಪುಟ್ಟಮ್ಮನ ಮನೆಗೆ ಹತ್ತು ನಿಮಿಷದ ನಡಿಗೆ. ಬಿಸಿಲೇರಿತ್ತು, ಸ್ವೆಟರ್ ತೆಗೆದು ಚೀಲಕ್ಕೆ ತುರುಕಿದೆ.

ಲತಾ ಬಾಗಿಲು ತೆರೆದಳು, ರಜಾ ಹಾಕಿದ್ದಳು. ಪುಟ್ಟಮ್ಮ ಮಂಚದ ಮೇಲೆ ಕೂತಿದ್ದಳು. ಸಣ್ಣಗಾಗಿದ್ದಾಳೆ. ಫೋನಿನಲ್ಲಿ ಅದು ಕಂಡಿರಲಿಲ್ಲ. ನನ್ನ ಮೂಗುಬೊಟ್ಟು ಗುರುತು ಹಿಡಿಯುವಷ್ಟು ಹತ್ತಿರ ಹೋದೆ. ಗುರುತು ಹಿಡಿದಳು, ತಕ್ಷಣ ಕಣ್ಣು ಮುಚ್ಚಿಕೊಂಡಳು. ಅವಳ ಸಿಟ್ಟೇ ಹಾಗೆ. ಕಣ್ಣು ಮುಚ್ಚಿದರೆ ನಮ್ಮ ಮಾತೆಲ್ಲ ಬಂದ್. ಚಿಕ್ಕವಳಿದ್ದಾಗಲೂ ಇದನ್ನೇ ಮಾಡಿ ನನ್ನ ಕೈಲಿ ಏಟು ತಿಂದಿದ್ದಾಳೆ.

"ನೋಡಿದ್ರಾ ದೊಡ್ಡಮ್ಮಾ? ಮೂರು ದಿನದಿಂದ ಹೀಗೇ" ಎಂದಳು ಲತಾ.

ನನಗೂ ಸಿಟ್ಟು ಬಂತು. ಅವಳ ಕೈ ಎಳೆದುಕೊಂಡು ಅಂಗೈ ಬಿಡಿಸಿ, ಒಂದು ಚುಕ್ಕೆ ಒತ್ತಿದೆ. ನಮ್ಮ ಸನ್ನೆಯಲ್ಲಿ ಮೂಗುಬೊಟ್ಟು ಎಂದರೆ ನಾನು. ಆಮೇಲೆ ಬೆರಳನ್ನು ಗುಂಡಗೆ ತಿರುಗಿಸಿದೆ, ಲೋಟದಲ್ಲಿ ಚಮಚ ಆಡಿಸಿದ ಹಾಗೆ. ಕಾಫಿ ಕೊಡಲ್ವಾ ಎಂದು. ಪುಟ್ಟಮ್ಮ ಕಣ್ಣು ಬಿಡಲಿಲ್ಲ. ಆದರೆ ಹುಬ್ಬು ಮೇಲೆ ಹೋಯಿತು. ಕಣ್ಣು ಮುಚ್ಚಿಕೊಂಡೇ ಎರಡು ಬೆರಳು ಚಿವುಟಿ ತೋರಿಸಿದಳು: ಸಕ್ಕರೆ ಕಡಿಮೆ. ಲತಾ ಬಾಯಿ ಬಿಟ್ಟುಕೊಂಡು ನಿಂತಳು.

ಕಾಫಿ ಕುಡಿಯುತ್ತಾ, ಅವಳ ಮುಖದ ಹತ್ತಿರ ಕೈ ಹಿಡಿದು ಎಲ್ಲವನ್ನೂ ಹೇಳಿದೆ. ಫೋನು ತೋರಿಸಿ ಬಾಯಿಗೆ ತುತ್ತು ಹಾಕಿದೆ, ಸ್ವಾಮಿಗಳ ಹಾಗೆ ಕೈ ಎತ್ತಿದೆ, ಫೋನು ಬೋರಲು ಹಾಕಿ ತೋರಿಸಿದೆ. ಅವಳಿಗೆ ಅದು ಅರ್ಥವೇ ಆಗಲಿಲ್ಲ. ಫೋನಿರುವುದೇ ನೋಡಲಿಕ್ಕೆ, ಬೋರಲು ಯಾಕೆ ಹಾಕಿದೆ ಎಂದು ಕೇಳಿದಳು. ಅರ್ಥವಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, ಶನಿವಾರ ಅರ್ಧಕ್ಕೆ ನಿಂತ ಪ್ರಶ್ನೆ ಕೇಳಿದಳು. ಬಲಗಣ್ಣಿಗೆ ಅಂಗೈ ಮುಚ್ಚಿದಳು: ಪಟ್ಟಿ. ಎಡಗಣ್ಣು ತೋರಿಸಿ ಕೈಯಾಡಿಸಿದಳು: ಮಂಜು. ಕಿವಿ ತೋರಿಸಿದಳು. ಆಮೇಲೆ ಎರಡೂ ಕೈ ಚಾಚಿ ಗಾಳಿಯಲ್ಲಿ ತಡಕಾಡಿದಳು. ಆಗ ಯಾರ ಜೊತೆ?

ಆಪರೇಷನ್ನಿನಿಂದ ನೋವಾಗುವುದಿಲ್ಲ ಎಂದು ಹೇಳಲು ಬಂದವಳು ನಾನು. ಅವಳು ನೋವಿನ ಮಾತೇ ಎತ್ತಿರಲಿಲ್ಲ. ಮತ್ತೆ ಅವಳ ಅಂಗೈ ತೆಗೆದುಕೊಂಡು ಚುಕ್ಕೆ ಒತ್ತಿದೆ. ನಾನು. ಕೈ ಬಿಡಲಿಲ್ಲ, ಹಿಡಿದುಕೊಂಡೇ ಕೂತೆ. ಅವಳು ಲತಾಳ ಕಡೆ ತಿರುಗಿ ಕಣ್ಣು ತೋರಿಸಿ, ಆಗಲಿ ಎಂದು ತಲೆಯಾಡಿಸಿದಳು.

"ಅಂಗೈ ಮೇಲೆ ಮಾತಾಡೋದು ಇಷ್ಟು ವರ್ಷ ನಂಗೆ ಹೊಳೀಲೇ ಇಲ್ವಲ್ಲ ದೊಡ್ಡಮ್ಮಾ."

"ನಂಗೂ ಈಗಲೇ ಹೊಳೆದಿದ್ದು. ಕೈ ಕೊಡು, ಕಲಿ. ನಾನು ಸ್ನಾನಕ್ಕೆ ಹೋದಾಗ ನೀನು ಬೇಕಾಗುತ್ತೆ."

ಮೂರು ಗಂಟೆಗೆ ಪುಟ್ಟಮ್ಮನ ಫೋನು ಗುರ್ ಎಂದು ಅದುರಿತು, ಕಾಲ್ ಹೊತ್ತಿಗೆ ಇಟ್ಟುಕೊಂಡ ಅಲಾರಂ. ನಾನು ಎದುರಿಗೇ ಇದ್ದರೂ ನನ್ನನ್ನು ಕೆಳಗಿನ ರಸ್ತೆಗೆ ಅಟ್ಟಿದಳು, ಕಾಲ್ ಮಾಡು ನೋಡೋಣ ಎಂದು. ಬಿಸಿಲಲ್ಲಿ ಅರ್ಧ ಗಂಟೆ ನಿಂತು ಕೈಯಾಡಿಸಿದೆ. ಎಳನೀರಿನವನು ಕತ್ತಿ ಕೆಳಗಿಟ್ಟು ನೋಡುತ್ತಿದ್ದ. ಚಿತ್ರ ಒಂದು ಸಲವೂ ನಿಲ್ಲಲಿಲ್ಲ.

ನಾಲ್ಕೂವರೆಗೆ ಹೊರಟೆ. ಗುರುವಾರ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯಲ್ಲಿರಬೇಕು, ಹಾಗಾಗಿ ಬುಧವಾರ ಸಂಜೆಯೇ ಬಟ್ಟೆಯೊಂದಿಗೆ ಬರುತ್ತೇನೆ ಎಂದು ಲತಾಗೆ ಹೇಳಿದೆ. ಪುಟ್ಟಮ್ಮ ರಸ್ತೆಯ ತಿರುವಿನವರೆಗೆ ಬಂದು ನಿಂತಳು. ಸ್ವಲ್ಪ ದೂರ ಹೋಗಿ ತಿರುಗಿ, ನಾಳೆ ಬರುತ್ತೇನೆ ಎಂದು ಕೈ ಮಾಡಿದೆ. ಅವಳು ಸುಮ್ಮನೆ ನಾನಿದ್ದ ದಿಕ್ಕಿಗೆ ನೋಡುತ್ತಿದ್ದಳು. ಅಷ್ಟು ದೂರದ ಕೈ ಅವಳಿಗೆ ಕಾಣುವುದಿಲ್ಲ. ವಾಪಸ್ ನಡೆದು ಹೋಗಿ, ಅಂಗೈ ಬಿಡಿಸಿ, ಅದನ್ನೇ ಬೆರಳಲ್ಲಿ ಹೇಳಿ ಬಂದೆ. ಒಂದು ಟ್ರೈನು ತಪ್ಪಿತು. ಆರು ನಿಮಿಷಕ್ಕೆ ಇನ್ನೊಂದು ಬಂತು.