ಅವ್ವನ ಎಡಗೈ ಮತ್ತು ನನ್ನ ಸುಳ್ಳು ವೈರಸ್‌ಗಳು

ಸುಳ್ಳು ವೈರಸ್ ತಯಾರಿಸುವುದರಲ್ಲಿ ಕೊಲ್ಹಾಪುರದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಈಗಲೂ ಹೇಳುತ್ತೇನೆ. ಜಂಬ ಎನ್ನುವವರು ಎನ್ನಲಿ. ಪೊಲೀಸರು ಹುಡುಕಿಕೊಂಡು ಬರುವಂಥ ಕೆಲಸವೇನೂ ಅಲ್ಲ. ಕಂಪ್ಯೂಟರಿನೊಳಗೆ ಹೊಕ್ಕು ಫೈಲುಗಳಿಗೆ ಬೀಗ ಜಡಿಯುವ ಪ್ರೋಗ್ರಾಮುಗಳನ್ನು ಗುರುತಿಸಲು ನಮ್ಮ ಸಣ್ಣ ಕಂಪನಿ ಯಂತ್ರವೊಂದಕ್ಕೆ ಪಾಠ ಹೇಳುತ್ತಿತ್ತು. ಪಾಠಕ್ಕೆ ಸಾವಿರಾರು ಉದಾಹರಣೆ ಬೇಕು. ನಮ್ಮಲ್ಲಿದ್ದ ನಿಜವಾದ ವೈರಸ್‌ಗಳ ದಾಖಲೆ ಬೆರಳೆಣಿಕೆಯಷ್ಟು. ಹಾಗಾಗಿ ಅವನ್ನು ಬದಿಗಿಟ್ಟು ಉದಾಹರಣೆಗಳನ್ನೆಲ್ಲ ನಾನೇ ಹುಟ್ಟಿಸುತ್ತಿದ್ದೆ: ಎಷ್ಟು ಹೊತ್ತು ಸುಮ್ಮನೆ ಕೂತಿತು, ಎಷ್ಟು ಫೈಲು ತೆರೆಯಿತು, ಎಷ್ಟರ ಹೆಸರು ಬದಲಿಸಿತು. ಬರೀ ಅಂಕಿಗಳ ಸಾಲು, ಯಾರನ್ನೂ ಕಚ್ಚುವುದಿಲ್ಲ.

ನಮ್ಮ ಮೊದಲ ಗಿರಾಕಿ ಗಡಹಿಂಗ್ಲಜದ ಒಂದು ಆಸ್ಪತ್ರೆ. ಹಿಂದೊಮ್ಮೆ ವೈರಸ್ ಹೊಕ್ಕು, ಎರಡು ದಿನ ಅಲ್ಲಿ ಒಬ್ಬ ರೋಗಿಯ ರಿಪೋರ್ಟೂ ತೆರೆಯಲಿಲ್ಲವಂತೆ. ಅಂಥದ್ದು ಮತ್ತೆ ಆಗಬಾರದೆಂದು ಡಾಕ್ಟರು ನಮ್ಮನ್ನು ನಂಬಿದ್ದರು. ಸೋಮವಾರ ಅಲ್ಲಿ ನಮ್ಮ ಯಂತ್ರವನ್ನು ಕೂರಿಸುವುದಿತ್ತು. ಶುಕ್ರವಾರದ ಪರೀಕ್ಷೆಯಲ್ಲಿ ಅದು ನೂರಕ್ಕೆ ನೂರು ಹಿಡಿಯಿತು. ಸಾಹೇಬರು ಖುಷಿಯಿಂದ ಎಲ್ಲರಿಗೂ ಭಡಂಗ, ಖಾರದ ಚುರುಮುರಿ, ತರಿಸಿದರು.

ಭಾನುವಾರ ಇಚಲಕರಂಜಿಯ ಮನೆಗೆ ಹೋದೆ. ಅವ್ವ ಮೆಂಡಿಂಗ್ ಕೆಲಸದವಳು. ಮಗ್ಗದಿಂದ ಬಂದ ಬಟ್ಟೆಯನ್ನು ಹಾಸಿ, ಎಳೆ ತಪ್ಪಿದ ಜಾಗ ಹುಡುಕಿ, ಸೂಜಿಯಿಂದ ಸರಿಪಡಿಸುತ್ತಾಳೆ. ಊಟಕ್ಕೆ ಕೂತಾಗ ನನ್ನ ನೂರಕ್ಕೆ ನೂರರ ಕಥೆ ಬಿಚ್ಚಿದೆ.

"ಪರೀಕ್ಷಾ ಪೇಪರ್ ಯಾರ ತಗದ್ರು?" ಎಂದಳು ಅವ್ವ.

"ನಾನ."

"ಪಾಠ ಹೇಳಿದಾಕಿ?"

"ಅದೂ ನಾನ ಅವ್ವಾ."

"ಹಂಗಾದ್ರ ನೂರು ಬರದ ಮತ್ತೇನ ಬರ್ತೈತಿ?" ಎಂದು ನಕ್ಕಳು.

ನನಗೆ ರೇಗಿತು. ಅವಳು ರೊಟ್ಟಿ ಹಾಕುತ್ತ ತನ್ನದೇ ಒಂದು ಕಥೆ ಹೇಳಿದಳು. ಹೊಸದಾಗಿ ಬಂದ ಹೆಂಗಸೊಬ್ಬಳಿಗೆ ಕೆಲಸ ಕಲಿಸಲು ಅವ್ವ ಒಳ್ಳೆಯ ಬಟ್ಟೆಯಲ್ಲಿ ತಾನೇ ಅಲ್ಲಲ್ಲಿ ಎಳೆ ಜಗ್ಗಿ ಇಟ್ಟಿದ್ದಳು. ಆಕೆ ಒಂದೂ ಬಿಡದೆ ಹಿಡಿದಳು. ಮರುದಿನ ಮಗ್ಗದಿಂದ ಬಂದ ಕೆಟ್ಟ ತಾಗನ್ನು, ಬಟ್ಟೆಯ ಇಡೀ ಥಾನನ್ನೇ, ಚೆನ್ನಾಗಿದೆ ಎಂದು ಮಡಚಿ ಕಳಿಸಿದಳು.

"ನಂದು ಎಡಗೈ ಅಲ್ಲೇನು? ನಾ ಜಗ್ಗಿದ ಎಳಿ ಎಲ್ಲಾ ಒಂದ ಕಡೆ ವಾಲಿದ್ವು. ಆಕಿ ನನ್ನ ಕೈ ಗುರ್ತು ಹಿಡಿಯಾಕ ಕಲ್ತಿದ್ಲು. ಮಗ್ಗಕ್ಕೆಲ್ಲಿ ಎಡಗೈ ಇರ್ತೈತಿ?"

ಊಟ ಅರ್ಧಕ್ಕೇ ಬಿಟ್ಟೆ. ಕೈ ತೊಳೆದು ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ತೀರ ಕಡಿಮೆ ಎಂದು ಬದಿಗೆ ಸರಿಸಿದ್ದ ನಿಜವಾದ ದಾಖಲೆಗಳನ್ನಷ್ಟೇ ಕೊಟ್ಟು ಪರೀಕ್ಷೆ ಮಾಡಿದೆ. ಅರ್ಧಕ್ಕಿಂತ ಹೆಚ್ಚು ನುಸುಳಿಹೋದವು. ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ನನ್ನ ಸುಳ್ಳು ವೈರಸ್‌ಗಳೆಲ್ಲ ಐದು, ಹತ್ತು, ಹದಿನೈದು ನಿಮಿಷ ಎಂದು ಶಿಸ್ತಾಗಿ ಕಾಯುತ್ತಿದ್ದವು. ನಾನೇ ಹಾಗೆ ಬರೆದಿದ್ದೆ. ನಿಜವಾದವು ತಮಗೆ ತೋಚಿದಷ್ಟು ಹೊತ್ತು ಕಾಯುತ್ತಿದ್ದವು. ಯಂತ್ರ ಕಲಿತದ್ದು ನನ್ನ ಐದರ ಮಗ್ಗಿ. ನಾಚಿಕೆಯಾಯಿತು. ಆ ಆಸ್ಪತ್ರೆ ನೆನಪಾಗಿ ಹೆದರಿಕೆಯೂ ಆಯಿತು.

ಸಾಹೇಬರಿಗೆ ಫೋನು ಮಾಡಿ, ಸೋಮವಾರ ಆಗುವುದಿಲ್ಲ ಎಂದೆ. ಆಫೀಸಿನಲ್ಲಿ ಮರಾಠಿಯನ್ನೇ ಆಡುವ ಅವರಿಗೆ ಸಿಟ್ಟು ಬಂದಾಗ ಮಾತ್ರ ಕನ್ನಡ ಬರುತ್ತದೆ.

"ಡಾಕ್ಟರ್‌ಗೆ ಶಬ್ದ ಕೊಟ್ಟೇನಿ! ಆತಾ ಕಾಯ್ ಸಾಂಗೂ? ಏನಂತ ಹೇಳ್ಲಿ?"

"ನನ್ನ ತಪ್ಪು ಅಂತ ಹೇಳ್ರಿ ಸರ್. ಎರಡು ವಾರ ಕೊಡ್ರಿ. ಹಿಂಗ ಕೂರಿಸಿದ್ರ ಅವರ ರಿಪೋರ್ಟ್ ಮತ್ತ ಹೋಗ್ತಾವು."

ಕೊಟ್ಟರು. ಒಂದೇ ಕೈಯ ಗುರುತು ಬೀಳದಂತೆ ಅವ್ವ ಆಮೇಲೆ ಹಿಡಿದ ದಾರಿಯನ್ನೇ ನಾನೂ ಹಿಡಿದೆ. ಅವಳು ಒಂದೊಂದು ಮಗ್ಗದ ಕೆಟ್ಟ ತುಂಡನ್ನೂ ಕೂಡಿಟ್ಟು ಕಲಿಸತೊಡಗಿದ್ದಳಂತೆ. ನನ್ನಲ್ಲಿ ಪಾಠಕ್ಕೆ ಸಾಲುವಷ್ಟು ನಿಜವಾದವು ಇರಲಿಲ್ಲ; ಹಾಗಾಗಿ ಆಫೀಸಿನ ಮೂವರು ಗೆಳತಿಯರನ್ನು ಬೇರೆ ಬೇರೆ ಕೂರಿಸಿ, ಒಬ್ಬರದನ್ನು ಒಬ್ಬರು ನೋಡದಂತೆ, ಅವರವರ ಸುಳ್ಳುಗಳನ್ನು ಹುಟ್ಟಿಸಲು ಹೇಳಿದೆ. ನಿಜವಾದ ದಾಖಲೆಗಳನ್ನು ಪಾಠದ ಹತ್ತಿರವೂ ಸುಳಿಯಗೊಡದೆ ಪರೀಕ್ಷೆಗೆಂದೇ ಕಾದಿಟ್ಟೆ. ಕೊನೆಗೆ ಅವುಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಸಿಕ್ಕಿಬಿದ್ದವು. ಆ ಒಂದರ ವಿಷಯ ಡಾಕ್ಟರಿಗೆ ಮುಚ್ಚಿಡದೆ ಹೇಳಿಯೇ ಯಂತ್ರವನ್ನು ಕೂರಿಸಿದೆವು. ಈ ಸಲ ಭಡಂಗ ಬರಲಿಲ್ಲ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು. ಕೌಂಟರಿನ ಕಂಪ್ಯೂಟರನ್ನು ನಮ್ಮ ಯಂತ್ರ ತಾನಾಗಿ ಉಳಿದವುಗಳಿಂದ ಬೇರೆ ಮಾಡಿತ್ತು. ಕಾಗಲದ ಮೇಲೆ ಗಡಹಿಂಗ್ಲಜಕ್ಕೆ ಹೋಗುವ ಬಸ್ಸು ಹಿಡಿದು ಓಡಿದೆ. ದಾಖಲೆ ತೆಗೆದು ನೋಡಿದರೆ, ಒಳಹೊಕ್ಕದ್ದು ನಿಜವಾದ ವೈರಸ್ಸೇ. ಮೂರು ದಿನ ಸುಮ್ಮನಿದ್ದು, ಆಮೇಲೆ ಒಂದೊಂದೇ ಫೈಲಿಗೆ ಕೈಹಚ್ಚಲು ನೋಡಿತ್ತು. ರಿಪೋರ್ಟುಗಳೆಲ್ಲ ಸುರಕ್ಷಿತವಾಗಿದ್ದವು. ಅಲ್ಲಿಂದಲೇ ಅವ್ವನಿಗೆ ಫೋನು ಮಾಡಿದೆ.

"ಹಿಡೀತೇನು?"

"ಹಿಡೀತವ್ವಾ."

"ಅದು ಯಾರ ಕೈಕೆಲಸದ ಗತೆ ಇತ್ತು? ನಿಂದೋ, ನಿನ್ನ ಗೆಳತ್ಯಾರದೋ?"

"ಯಾರದೂ ಅಲ್ಲ. ಅಂಥಾದ್ದು ನಾವ್ಯಾರೂ ಮಾಡಿರಲೇ ಇಲ್ಲ."

ಆ ಕಡೆ ಮಗ್ಗಗಳ ಸದ್ದು ಕೇಳುತ್ತಿತ್ತು.

"ಹಂಗಾದ್ರ ಕಲ್ತೈತಿ ಬಿಡು," ಎಂದಳು ಅವ್ವ. "ಇಡ್ತೀನಿ, ನನಗ ತಾಗ ಮುಗಿಸೂದೈತಿ."