ಮೈಕಿನಲ್ಲಿ ನಿಶ್ಚಯವಾದ ನನ್ನ ಮದುವೆ

ನನ್ನ ಮದುವೆಯ ಸುದ್ದಿ ನನಗೆ ಗೊತ್ತಾದದ್ದು ನವಿ ಮುಂಬಯಿಯ ಒಂದು ಮೈದಾನದಲ್ಲಿ, ಮೈಕಿನಿಂದ. ಬಲಗೈಯನ್ನು ಪಟ್ಟಿಯಲ್ಲಿ ಕುತ್ತಿಗೆಗೆ ನೇತುಹಾಕಿಕೊಂಡು ಅವ್ವನ ಪಕ್ಕದಲ್ಲಿ ಪ್ರೇಕ್ಷಕರ ನಡುವೆ ಕೂತಿದ್ದೆ. ನಮ್ಮ ತಂಡ ಆಟಕ್ಕಿಳಿಯುವ ಮೊದಲು ಮೈಕ್ ಹಿಡಿದವನು ನನ್ನ ಹೆಸರು ಹೇಳಿ ಹಿಂದಿಯಲ್ಲಿ ಕೂಗಿದ: ನಮ್ಮ ಹೆಮ್ಮೆಯ ಆಟಗಾರ್ತಿ ಮದುವೆಯಾಗುತ್ತಿದ್ದಾರೆ, ಅದಕ್ಕೇ ಆಟ ಬಿಡುತ್ತಿದ್ದಾರೆ, ಜೋರಾಗಿ ಚಪ್ಪಾಳೆ!

ಜನ ಚಪ್ಪಾಳೆ ತಟ್ಟಿದರು. ಅವ್ವ ನನ್ನ ಕಡೆ ತಿರುಗಿದಳು.

“ಯಾರ ಜೋಡಿ ಮದಿವಿ? ನಮಗ ಯಾಕ ಹೇಳಿಲ್ಲ ನೀ?”

“ನನಗೂ ಈಗ ಗೊತ್ತಾತವ್ವಾ.”

ನಾವು ವಿಜಯಪುರದ ಕಡೆಯವರು. ಅಪ್ಪನಿಗೆ ಮುಂಬಯಿ ಹತ್ತಿರದ ವಿಠ್ಠಲವಾಡಿಯಲ್ಲಿ ಬಟ್ಟೆ ಅಂಗಡಿ, ಮನೆ ಡೊಂಬಿವಲಿಯಲ್ಲಿ. ಶಾಲೆಯಲ್ಲಿ ಒಬ್ಬ ಮೇಷ್ಟ್ರು ಬೇಸ್‌ಬಾಲ್ ಕಲಿಸಿದರು. ನಾನು ಪಿಚರ್, ಅಂದರೆ ಎದುರಿನವರ ಬ್ಯಾಟಿಗೆ ಚೆಂಡೆಸೆಯುವವಳು. ಹೆಂಗಸರಿಗೂ ಸಂಬಳ ಕೊಟ್ಟು ಆಡಿಸುವ ಲೀಗ್ ಹೊಸದಾಗಿ ಶುರುವಾದಾಗ, ಮೊದಲು ಆರಿಸಿದವರಲ್ಲಿ ನಾನೂ ಇದ್ದೆ. ಈ ಆಟವೇ ನನ್ನ ನೌಕರಿ ಎಂದು ಹೇಳಿದರೆ ನೆಂಟರು ನಗುತ್ತಿದ್ದರು. ನನಗೆ ಮಾತ್ರ ನೆಲದ ಮೇಲೆ ಕಾಲಿರಲಿಲ್ಲ.

ತಂಡದ ಮ್ಯಾನೇಜರ್ ಉಡುಪಿಯವರು. ಕನ್ನಡದವಳು ಎಂದು ಗೊತ್ತಾದ ದಿನವೇ “ನೀನು ನನ್ನ ಮಗಳ ಹಾಗೆ” ಅಂದಿದ್ದರು. ಎರಡನೆಯ ವರ್ಷ ನನ್ನ ಭುಜ ನೋಯತೊಡಗಿತು. ಪಿಚರ್‌ಗೆ ಆಟದ ಮಾರನೆಯ ದಿನ ವಿಶ್ರಾಂತಿ ಬೇಕು. ನನಗೆ ಕೊಟ್ಟದ್ದು ನೋವು ಮರೆಸುವ ಇಂಜೆಕ್ಷನ್. ಕೈ ಎತ್ತಲು ಆಗುವುದಿಲ್ಲ ಎಂದಾಗಲೆಲ್ಲ ಅವರದು ಅದೇ ಮಾತು: “ಇದೊಂದು ಮ್ಯಾಚ್ ಸುಧಾರಿಸು ಮಾರಾಯ್ತಿ. ನೀನಿಲ್ಲದಿದ್ರೆ ಟೀಮೇ ಇಲ್ಲ.” ಒಂದು ಮಧ್ಯಾಹ್ನ ಚೆಂಡು ಕೈಬಿಡುವಾಗ ಭುಜದೊಳಗೆ ಏನೋ ಹರಿಯಿತು. ಬಟ್ಟೆ ಹರಿದ ಹಾಗೆ. ಸದ್ದು ನನಗೇ ಕೇಳಿಸಿತು.

ಆ ಭುಜಕ್ಕೆ ಇವರು ಮೈಕಿನಲ್ಲಿ ಮದುವೆ ಎಂಬ ಹೆಸರಿಟ್ಟಿದ್ದರು.

ನಾನು ಮೆಟ್ಟಿಲಿಳಿದು ನೇರ ಮ್ಯಾನೇಜರ್ ಹತ್ತಿರ ಹೋದೆ. “ಸರ್, ನನ್ನ ಮದಿವಿ ಯಾರ ಗೊತ್ತ ಮಾಡ್ಯಾರ್ರಿ?”

ಅವರು ನಕ್ಕರು. “ಕೋಪ ಮಾಡಬೇಡ. ಪೆಟ್ಟಾಗಿದೆ ಅಂದ್ರೆ ಸ್ಪಾನ್ಸರ್‌ನವರು ನೂರೆಂಟು ಪ್ರಶ್ನೆ ಕೇಳ್ತಾರೆ. ಹುಡುಗಿಗೆ ಮದುವೆ ಅಂದ್ರೆ ಯಾರೂ ಎಂತದೂ ಕೇಳುದಿಲ್ಲ. ನಿನಗೂ ಮರ್ಯಾದೆ ಅಲ್ವಾ?”

ಮರ್ಯಾದೆ! ಪಕ್ಕದಲ್ಲಿದ್ದವನ ಕೈಯಿಂದ ಎಡಗೈಯಲ್ಲೇ ಮೈಕ್ ಕಿತ್ತುಕೊಂಡೆ. “ನನಗೆ ಮದುವೆ ಇಲ್ಲ. ಇಂಜೆಕ್ಷನ್ ಕೊಟ್ಟು ಕೊಟ್ಟು ಆಡಿಸಿ ನನ್ನ ಭುಜ...” ಎಂದು ಹಿಂದಿಯಲ್ಲಿ ಹೇಳುವಷ್ಟರಲ್ಲಿ ದನಿ ಸತ್ತಿತು. ಯಾರೋ ಸ್ವಿಚ್ ಆರಿಸಿದ್ದರು. ನಾನು ಬರೀ ಗಂಟಲಿನಲ್ಲಿ ಕೂಗಿದೆ. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಹಿಂದಿನವರಿಗೆ ನಾನು ಧನ್ಯವಾದ ಹೇಳುತ್ತಿರುವಂತೆ ಕಂಡಿರಬೇಕು, ಇನ್ನೊಮ್ಮೆ ಚಪ್ಪಾಳೆ ಹೊಡೆದರು. ಹಾಡು ಹಾಕಿದರು. ಆಟ ಶುರುವಾಯಿತು.

ಲೋಕಲ್ ರೈಲಿನಲ್ಲಿ ಮನೆಗೆ ಹೊರಟೆವು. ಥಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸುವಾಗ ಅವ್ವ, ಜನರ ನೂಕಾಟಕ್ಕೆ ನನ್ನ ಭುಜ ಸಿಗದಂತೆ ಅಡ್ಡ ನಿಂತು, “ಕೈ ಮುರದು ಮ್ಯಾಲೆ ಚಪ್ಪಾಳಿ ಹೊಡಸ್ತಾರಲ್ಲ, ಇವರ ಬಾಯಾಗ ಮಣ್ಣ ಬೀಳಲಿ” ಅಂದಳು. ಅವಳ ಬಾಯಲ್ಲಿ ಅಂಥ ಮಾತು ಅದೇ ಮೊದಲು.

ಆ ವಾರವಿಡೀ ಊರಿನಿಂದ ಫೋನು. ಹುಡುಗ ಯಾರು, ಏನು ಮಾಡುತ್ತಾನೆ, ಮುಹೂರ್ತ ಯಾವಾಗ? ಕೈ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ. ಲೀಗ್‌ನವರಿಗೆ ದೂರು ಕೊಟ್ಟೆ. ಬಂದ ಉತ್ತರದಲ್ಲಿ ವೈವಾಹಿಕ ಜೀವನಕ್ಕೆ ಶುಭ ಹಾರೈಸಿದ್ದರು.

ಆಪರೇಷನ್ ಆಯಿತು. ಈಗಲೂ ಬಲಗೈ ಭುಜಕ್ಕಿಂತ ಮೇಲೆ ಹೋಗುವುದಿಲ್ಲ. ಜಡೆ ಅವ್ವ ಹಾಕುತ್ತಾಳೆ. ಕಲ್ಯಾಣದ ಒಂದು ಮೈದಾನದಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತೇನೆ. ಹೋದ ತಿಂಗಳು ಆ ಮ್ಯಾನೇಜರ್ ಅಲ್ಲಿಗೇ ಬಂದರು, ಹೊಸ ಪಿಚರ್ ಹುಡುಕಿಕೊಂಡು. ಹುಡುಗಿಯರ, ಅವರ ತಂದೆತಾಯಿಯರ ಎದುರೇ ನಡೆದದ್ದನ್ನೆಲ್ಲ ಹೇಳಿದೆ. ಈ ಸಲ ಆರಿಸಲು ಮೈಕಿರಲಿಲ್ಲ. ಅವರು ತಲೆ ತಗ್ಗಿಸಿಕೊಂಡು ಕೇಳಿ, ಕಾರು ಹತ್ತಿದರು.

ಮಾರನೆಯ ದಿನ ನನ್ನ ಹುಡುಗಿಯರಲ್ಲೇ ಒಳ್ಳೆಯ ಪಿಚರ್ ಆಗಿದ್ದವಳು ಅಭ್ಯಾಸಕ್ಕೆ ಬರಲಿಲ್ಲ. ಅವಳ ಅಪ್ಪ ಫೋನಿನಲ್ಲಿ ಹೇಳಿದರು: “ಮೇಡಂ, ನಿಮ್ಮ ಸಿಟ್ಟು ನಿಮಗಿರ್ಲಿ. ಅವಳ ಚಾನ್ಸ್ ಯಾಕ್ ಹಾಳು ಮಾಡ್ತೀರಿ?” ಅವಳು ಈಗ ಆ ಮ್ಯಾನೇಜರ್ ತಂಡ ಸೇರಿದ್ದಾಳೆ.