ವನಮಾಲಾಬಾಯಿ ಬಿಟ್ಟ ಆವರಣ

ವನಮಾಲಾಬಾಯಿ ತಾವು ಬರೆದ ಪ್ರೋಗ್ರಾಮನ್ನು ನಿಂತುಕೊಂಡೇ, ಪಾಠ ಒಪ್ಪಿಸುವವರಂತೆ ಗಟ್ಟಿಯಾಗಿ ಓದುತ್ತಿದ್ದರು. ಕುಳಿತು ಓದಿದರೆ ಕಣ್ಣು ಸಾಲು ಹಾರುತ್ತದೆಂಬುದು ಅವರ ನಂಬಿಕೆ. "ಮಷಿನ್‌ಗಿ ನಮ್ಮ ಮನಸ್ಸಿನ್ಯಾಗಿಂದು ತಿಳಿಯಂಗಿಲ್ರಿ. ಬರದಿದ್ದಷ್ಟೇ ತಿಳೀತದ," ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ಶಹಾಬಾದಿನ ಸಣ್ಣ ವರ್ಕ್‌ಶಾಪೊಂದರಲ್ಲಿದ್ದೆವು. ಕಲ್ಲು ಕೊಯ್ಯುವ ಯಂತ್ರಗಳಿಗೆ ಕಂಟ್ರೋಲ್ ಬೋರ್ಡ್ ಮಾಡುತ್ತಿದ್ದೆವು. ಮೋಟಾರು, ಸ್ವಿಚ್ಚುಗಳನ್ನು ನೇರವಾಗಿ ನಡೆಸುವ ಡ್ರೈವರ್ ಕೋಡ್ ಅವರದು. ಪರೀಕ್ಷಿಸಿ ಸಹಿ ಹಾಕುವ ಕೆಲಸ ನನ್ನದು. ಅವರು ಸೇಡಂನ ಮೇಷ್ಟರೊಬ್ಬರ ಮಗಳು. ದಿನಾ ವಾಡಿಯಲ್ಲಿ ರೈಲು ಬದಲಿಸಿ ಬರುತ್ತಿದ್ದರು.

ಒಮ್ಮೆ ಚಿತ್ತಾಪುರದ ಕಡೆಯ ಕಲ್ಲಿನ ಖಣಿಯೊಂದರಲ್ಲಿ ಶರಣಪ್ಪ ಎಂಬಾತ, ಸಿಕ್ಕಿಕೊಂಡ ಕಲ್ಲಿನ ಚಕ್ಕೆ ತೆಗೆಯಲು ನಮ್ಮ ಬೋರ್ಡ್ ಹಾಕಿದ ಯಂತ್ರದ ಮುಚ್ಚಳ ಎತ್ತಿದ. ಮುಚ್ಚಳ ಎತ್ತಿದೊಡನೆ ಬ್ಲೇಡ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕೆಸರುನೀರಿನಲ್ಲಿ ಅದು ತಿರುಗುತ್ತಿದ್ದುದು ಅವನಿಗೆ ಕಾಣಲೂ ಇಲ್ಲ. ಎರಡು ಬೆರಳುಗಳ ತುದಿಗಳು ಹೋದವು.

ವನಮಾಲಾಬಾಯಿ ಮರುದಿನವೇ ಕಾರಣ ಹಿಡಿದರು. ಸ್ವಿಚ್ಚುಗಳ ಸ್ಥಿತಿ ಹೇಳುವ ಅಂಕಿಗಳಿಂದ ಮುಚ್ಚಳದ ಅಂಕಿಯನ್ನು ಮೊದಲು ಬೇರ್ಪಡಿಸಿ, ಅದು ಸೊನ್ನೆಯೇ, ಅಂದರೆ ಮುಚ್ಚಳ ತೆರೆದಿದೆಯೇ, ಎಂದು ಆಮೇಲೆ ಹೋಲಿಸಬೇಕಿತ್ತು. ಅದಕ್ಕೆ ಬೇಕಾದ ಆವರಣ ಚಿಹ್ನೆಯನ್ನು, ಅಂದರೆ ಬ್ರಾಕೆಟ್ಟನ್ನು, ಅವರು ಹಾಕಿರಲಿಲ್ಲ. ಸಿ ಭಾಷೆಯ ನಿಯಮದಂತೆ ಹೋಲಿಕೆಯೇ ಮೊದಲು ನಡೆದು, ಉತ್ತರ ಯಾವಾಗಲೂ 'ಮುಚ್ಚಳ ತೆರೆದಿಲ್ಲ' ಎಂದೇ ಬರುತ್ತಿತ್ತು. ನಾನು ಸ್ಟಾಪ್ ಬಟನ್ ಒತ್ತಿ ನೋಡಿದ್ದೆ. ಮುಚ್ಚಳ ಎತ್ತಿ ನೋಡಿರಲಿಲ್ಲ. ಆದರೂ ಸಹಿ ಹಾಕಿದ್ದೆ.

"ವೈರ್ ಸಡ್ಲಾಗಿತ್ತು ಅನ್ರಿ ಬಾಯಿ," ಎಂದರು ವರ್ಕ್‌ಶಾಪಿನ ಮಾಲೀಕರು.

"ವೈರ್ ಅಂದ್ರ ಒಂದೇ ಮಷಿನ್ ನೋಡ್ತಾರ. ನಮ್ಮ ಬೋರ್ಡ್ ಇದ್ದ ಉಳಿದ ಏಳರಾಗೂ ಇದೇ ಚಿಪ್ ಅದರಿ," ಎಂದರು ವನಮಾಲಾಬಾಯಿ.

ತಿದ್ದಿದ ಕೋಡ್ ತುಂಬಿದ ಹೊಸ ಚಿಪ್ಪುಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು, ಚಿಂಚೋಳಿಯವರೆಗೂ ಬಸ್ಸಿನಲ್ಲಿ ತಿರುಗಿ ತಾವೇ ಬದಲಿಸಿದರು. ಚಿತ್ತಾಪುರಕ್ಕೆ ನಾನೂ ಹೋಗಿದ್ದೆ. ಶರಣಪ್ಪನ ಮನೆಯಲ್ಲಿ ಅವನೆದುರು ನೆಲದ ಮೇಲೆ ಕುಳಿತು, "ತಪ್ಪು ನಂದದರಿ," ಎಂದರು.

ಅವನು ಬ್ಯಾಂಡೇಜಿನ ಕೈ ನೋಡಿಕೊಂಡ. "ನಾನೇ ಗಡಬಡಿ ಮಾಡೀನಿ ಅಂತ ಖಣಿ ಕೆಲಸ ನೋಡೋ ಮುಕಾದಮ ಬರಕೊಂಡಾನ್ರಿ. ನೀವು ಅಂದದ್ದು ಕಾಗದದ ಮ್ಯಾಲ ಬರದು ಕೊಡ್ತೀರೇನ್ರಿ?"

ಅಲ್ಲೇ ಬರೆದು ಕೊಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಮಾತೇ ಆಡಲಿಲ್ಲ. ಆ ಕಾಗದದಿಂದ ಶರಣಪ್ಪನಿಗೆ ಪರಿಹಾರ ಸಿಕ್ಕಿತು. ವನಮಾಲಾಬಾಯಿಯವರ ಕೆಲಸ ಹೋಯಿತು. ನನ್ನದು ಉಳಿಯಿತು.

ಕೆಲವು ವರ್ಷಗಳ ನಂತರ ವಾಡಿ ಸ್ಟೇಷನ್ನಿನಲ್ಲಿ ಸಿಕ್ಕರು. ಸೇಡಂನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ಕ್ಷೇಮ ಸಮಾಚಾರ ಮುಗಿದ ಮೇಲೆ ನಾನು ಹೇಳಿದೆ: "ಆ ಮುಚ್ಚಳ ನಾ ಎತ್ತಿ ನೋಡಿದ್ದಿಲ್ರಿ. ನೋಡದೇ ಸಹಿ ಹಾಕಿದ್ದೆ."

"ಗೊತ್ತಿತ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಶರಣಪ್ಪನ ಮುಂದ ನೀವೂ ಹೇಳ್ತೀರಿ ಅಂತ ಕಾದೆ. ಅದಕ್ಕೇ ಆ ಕಾಗದ ಅಷ್ಟು ಸಾವಕಾಶ ಬರದೆ."

ಅವರ ರೈಲು ಬಂತು, ಹತ್ತಿದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.